ನಾಗರಿಕ ವಿಜ್ಞಾನದ ಮುಖ ಯಾರದು?



ಈ ಸಲದ ಪಾಠ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತದೆ. ಕಳೆದ ಬಾರಿ ಅಮ್ಮ ಹಾಸನದಿಂದ ಬಂದು ನಮ್ಮ ಜೊತೆ ಇದ್ದಾಗ ನಡೆದದ್ದು. ನಮ್ಮ ಫ್ಲಾಟಿನ ಅಡುಗೆಮನೆ ಕಿಟಕಿಯ ಎದುರಿಗೇ ಒಂದು ದೊಡ್ಡ ಮಳೆಮರ ಇದೆ. ನಾವೆಲ್ಲ ಆಫೀಸು, ಶಾಲೆ ಅಂತ ಹೋದಮೇಲೆ ಅಮ್ಮನಿಗೆ ಆ ಮರವೇ ಟಿವಿ. ಒಂದು ಸಂಜೆ ನಾನು ಮನೆಗೆ ಬರುತ್ತಿದ್ದ ಹಾಗೇ, "ಅಲ್ಲ ಕಣೋ, ನಿಮ್ಮ ಸಿಂಗಪುರದಲ್ಲೂ ಕಾಗೆಗಳು ಮೋಸ ಹೋಗ್ತವೆ!" ಅಂದರು. ಕಾಗೆಯೊಂದು ಕೋಗಿಲೆಯ ಮರಿಗೆ ಗುಟುಕು ಕೊಡುತ್ತಿತ್ತಂತೆ. ನಾನು "ಹೌದಾ?" ಅಂದು ಲ್ಯಾಪ್‌ಟಾಪ್ ತೆರೆದು ಕೂತೆ.

ಶನಿವಾರ ಬಿಡುವಿತ್ತು. ಕ್ಯಾಮೆರಾಗೆ ಉದ್ದದ ಲೆನ್ಸ್ ಹಾಕಿ ಕಿಟಕಿಯ ಹತ್ತಿರ ನಿಂತೆ. ಅಮ್ಮ ಕೈ ತೋರಿಸಿದ ಕಡೆಗೇ ಗುರಿ ಇಟ್ಟೆ. ಅದೃಷ್ಟ... ಒಳ್ಳೆಯ ಫೋಟೋ ಸಿಕ್ಕಿತು! ಐನ್ಯಾಚುರಲಿಸ್ಟ್‌ಗೆ ಏರಿಸಿದೆ, ಫೇಸ್‌ಬುಕ್ಕಿಗೂ ಹಾಕಿದೆ. ಜೊತೆಗೆ "ನಾಗರಿಕ ವಿಜ್ಞಾನಿಯಾಗಿ ನನ್ನ ಪುಟ್ಟ ಕೊಡುಗೆ" ಅಂತ ಒಂದು ಸಾಲು ಬೇರೆ. ಲೈಕುಗಳು ಬಂದವು, ಆಫೀಸಿನಲ್ಲಿ ಬೆನ್ನು ತಟ್ಟಿದವರೂ ಇದ್ದರು.

ಎರಡು ದಿನ ಬಿಟ್ಟು ಮಗಳು ಅಡುಗೆಮನೆಯ ಕ್ಯಾಲೆಂಡರ್ ಹಿಡಿದುಕೊಂಡು ಬಂದಳು. "ಅಪ್ಪ, ಇದೇನು ಗೀಟು?" ಊರಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆಯೇ ಅಮ್ಮ ಒಂಬತ್ತು ದಿನಗಳ ಚೌಕಗಳಲ್ಲಿ ಗೀಟು ಎಳೆದಿದ್ದರು. ಕಾಗೆ ಗುಟುಕು ಕೊಟ್ಟದ್ದನ್ನು ಕಂಡ ಪ್ರತಿ ಸಲಕ್ಕೂ ಒಂದು ಗೀಟು. ಬೆಳಗಿನದಕ್ಕೆ ಮೇಲೆ, ಸಂಜೆಯದಕ್ಕೆ ಕೆಳಗೆ. ಎರಡು ದಿನ ಸೊನ್ನೆ. ಕೇಳಿದರೆ, "ಅವತ್ತು ನೋಡಿದೆ, ಕಾಣಲಿಲ್ಲ" ಅಂದರು. ಮಗಳು ನನ್ನ ಮುಖ ನೋಡಿ ಕೇಳಿದಳು: "ಹಾಗಾದ್ರೆ ವಿಜ್ಞಾನ ಮಾಡಿದ್ದು ಅಜ್ಜಿ ಅಲ್ವಾ? ನಿನ್ ಹೆಸರು ಯಾಕಿದೆ?"

ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು, ಏನಿದು ನಾಗರಿಕ ವಿಜ್ಞಾನ?

ಸಂಬಳಕ್ಕೆ ವಿಜ್ಞಾನ ಮಾಡದ ಸಾಮಾನ್ಯ ಜನ ನೋಡಿ, ಎಣಿಸಿ, ಅಳೆದು, ದಾಖಲೆ ಮಾಡಿ ಸಂಶೋಧನೆಗೆ ಕೈ ಜೋಡಿಸುವುದೇ ನಾಗರಿಕ ವಿಜ್ಞಾನ. ಕೆಲಸ ಹಳೆಯದು, ಹೆಸರು ಹೊಸದು. 1900ರ ಕ್ರಿಸ್‌ಮಸ್ ದಿನ ಅಮೆರಿಕದ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞರು "ಹಬ್ಬದ ದಿನ ಹಕ್ಕಿಗಳನ್ನು ಬೇಟೆಯಾಡುವ ಬದಲು ಎಣಿಸೋಣ" ಎಂದು ಕರೆ ಕೊಟ್ಟರು. ಮೊದಲ ವರ್ಷ ಬಂದವರು 27 ಜನ. ಆ ಎಣಿಕೆ ಇಂದಿಗೂ ಪ್ರತಿ ವರ್ಷ ನಡೆಯುತ್ತಿದೆ. "ಸಿಟಿಜನ್ ಸೈನ್ಸ್" ಎಂಬ ಹೆಸರು ಚಾಲ್ತಿಗೆ ಬಂದದ್ದು 1990ರ ದಶಕದ ನಡುವೆ. ಬ್ರಿಟನ್ನಿನ ಅಲನ್ ಇರ್ವಿನ್ 1995ರಲ್ಲಿ ಇದೇ ಹೆಸರಿನ ಪುಸ್ತಕ ಬರೆದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ ರಿಕ್ ಬಾನಿ ಕೂಡ ಈ ಪದ ಬಳಸಿದರು.

ಇಬ್ಬರ ಅರ್ಥ ಮಾತ್ರ ಬೇರೆ ಬೇರೆ. ಜನರ ಅನುಭವಕ್ಕೂ ತಿಳಿವಳಿಕೆಗೂ ವಿಜ್ಞಾನದಲ್ಲಿ ಸ್ಥಾನ ಸಿಗಬೇಕು, ವಿಜ್ಞಾನ ಜನರಿಗೆ ಉತ್ತರ ಕೊಡಬೇಕು ಅನ್ನುವುದು ಇರ್ವಿನ್ ಅವರ ಕಾಳಜಿ. ಜನರು ಮಾಹಿತಿ ಸೇರಿಸಿ ವಿಜ್ಞಾನಿಗಳಿಗೆ ನೆರವಾಗುವುದು ಬಾನಿ ಅವರ ಅರ್ಥ. ಒಬ್ಬರಿಗೆ ಜನರ ದನಿ ಮುಖ್ಯ, ಇನ್ನೊಬ್ಬರಿಗೆ ಜನರ ಕಣ್ಣು. ಸಾಮಾಜಿಕ ತಾಣಗಳಲ್ಲಿ ಇವತ್ತು ಕಾಣುವ ಗೊಂದಲದ ಬೇರು ಇಲ್ಲಿಯೇ ಇದೆ ಅಂತ ನನಗನ್ನಿಸುತ್ತದೆ. ಕಣ್ಣು ಸಾವಿರಾರು ಜನರದ್ದು, ದನಿ ಕೆಲವರದ್ದು!

ಇನ್ನು "ನಾಗರಿಕ" ಅನ್ನುವ ಪದ. ನಮ್ಮಲ್ಲಿ ಎಷ್ಟು ಜನ ಇಲ್ಲಿಯ ನಾಗರಿಕರು? ಕೆಲವರು ಪಿಆರ್, ಕೆಲವರು ಎಂಪ್ಲಾಯ್‌ಮೆಂಟ್ ಪಾಸ್, ಡಿಪೆಂಡೆಂಟ್ ಪಾಸ್. ನಮ್ಮ ಅಮ್ಮನದು ಬರೀ ವಿಸಿಟ್ ಪಾಸ್. ಹಕ್ಕಿ ಎಣಿಸುವುದಕ್ಕೆ ಯಾವ ಪಾಸೂ ಬೇಡ ಅನ್ನಿ, ಆದರೆ ಹೆಸರು ಕೇಳಿದವರಿಗೆ "ಇದು ನಮಗಲ್ಲ" ಅನ್ನಿಸಬಹುದಲ್ಲವೇ? ಈ ಚರ್ಚೆ ಜಗತ್ತಿನ ಬೇರೆ ಕಡೆಗಳಲ್ಲೂ ನಡೆದಿದೆ. ಅಮೆರಿಕದಲ್ಲಿ ಹಲವು ಸಂಸ್ಥೆಗಳು "ಸಮುದಾಯ ವಿಜ್ಞಾನ" ಎಂಬ ಹೆಸರಿಗೆ ಬದಲಾದವು. ಅಲ್ಲಿನ ಸಿಟಿಜನ್ ಸೈನ್ಸ್ ಅಸೋಸಿಯೇಷನ್ 2023ರಲ್ಲಿ ತನ್ನ ಹೆಸರಿನಿಂದ "ಸಿಟಿಜನ್" ಪದವನ್ನೇ ತೆಗೆದು, "ಪಾಲ್ಗೊಳ್ಳುವಿಕೆಯ ವಿಜ್ಞಾನಗಳು" ಎಂಬರ್ಥದ ಹೆಸರಿಟ್ಟುಕೊಂಡಿತು.

ತಾಣಗಳಲ್ಲಿ ಕಾಣುವವರು ಯಾರು?

ಒಂದು ಭಾನುವಾರ ಕೂತು, ಸಿಂಗಪುರದ ಪ್ರಕೃತಿ ಪುಟಗಳಲ್ಲಿ ಯಾರು ಯಾರು ಕಾಣುತ್ತಾರೆ ಅಂತ ಪಟ್ಟಿ ಮಾಡಿದೆ. ಸ್ಥೂಲವಾಗಿ ನಾಲ್ಕು ಗುಂಪು ಸಿಕ್ಕವು.

ಒಂದು, ಸಂಸ್ಥೆಗಳು. ಇಲ್ಲಿಯ ಎನ್‌ಪಾರ್ಕ್ಸ್ 2015ರಿಂದ ಸಾರ್ವಜನಿಕರ ಜೊತೆಗೂಡಿ ಉದ್ಯಾನಗಳಲ್ಲಿ ಹಕ್ಕಿ ಎಣಿಕೆ ನಡೆಸುತ್ತಿದೆ; ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳ ಎಣಿಕೆಯೂ ಇದೆ. ಸಂಸ್ಥೆಯ ಪುಟದಲ್ಲಿ ಬರುವುದು ಸಾಮಾನ್ಯವಾಗಿ ಗುಂಪಿನ ಫೋಟೋ, ಧನ್ಯವಾದ, ಮುಂದಿನ ಕಾರ್ಯಕ್ರಮದ ಆಹ್ವಾನ.

ಎರಡು, ವಿಜ್ಞಾನಿಗಳು. ಫಲಿತಾಂಶ ಏನು ಅಂತ ವಿವರಿಸುವವರು ಇವರು.

ಮೂರು, ಹುರುಪಿನ ಹವ್ಯಾಸಿಗಳು. ಒಳ್ಳೆಯ ಕ್ಯಾಮೆರಾ, ಒಳ್ಳೆಯ ಇಂಗ್ಲಿಷು, ವಾರಾಂತ್ಯದ ಬಿಡುವು, ಈ ಮೂರೂ ಇರುವವರು. (ನಾನೂ ಇದೇ ಗುಂಪು!)

ನಾಲ್ಕನೆಯದು ಪ್ರಾಣಿಗಳು! ನಗಬೇಡಿ. ಸಿಂಗಪುರದ ನಾಗರಿಕ ವಿಜ್ಞಾನದ ಅತ್ಯಂತ ಪ್ರಸಿದ್ಧ ಮುಖ ಮನುಷ್ಯರದ್ದಲ್ಲ, ನೀರುನಾಯಿಯದು. ಬಿಶಾನ್ ಪಾರ್ಕಿನ ನೀರುನಾಯಿ ಕುಟುಂಬವನ್ನು ನೋಡದವರು ಯಾರಿದ್ದಾರೆ?

ಈಗ ಕಾಣದವರ ಪಟ್ಟಿ. ಫೋಟೋ ನೋಡಿ "ಇದು ಇಂಥ ಜಾತಿ" ಅಂತ ಗುರುತಿಸಿಕೊಡುವವರು. ತಪ್ಪು ದಾಖಲೆಗಳನ್ನು ಶೋಧಿಸುವವರು. ಖಾತೆ ತೆರೆಯುವ ವಯಸ್ಸಾಗದ ಮಕ್ಕಳು. ಇಂಗ್ಲಿಷ್ ಬಾರದ ಹಿರಿಯರು. ಬೆಳಗಿನ ಜಾವ ಪಾರ್ಕು ಗುಡಿಸುತ್ತಾ ನಮಗಿಂತ ಹೆಚ್ಚು ಹಕ್ಕಿ ಕಾಣುವ ಕೆಲಸಗಾರರು. ಮತ್ತೆ, ಅಡುಗೆಮನೆ ಕಿಟಕಿಯಲ್ಲಿ ಕ್ಯಾಲೆಂಡರಿಗೆ ಗೀಟು ಹಾಕುವ ಅಜ್ಜಿಯರು.

ನೀರುನಾಯಿಯೂ ಬುಲ್‌ಬುಲ್ಲೂ

ಕಾಣುವುದೆಲ್ಲ ಬರೀ ತೋರಿಕೆ ಅಂತ ನಾನು ಹೇಳುತ್ತಿಲ್ಲ. ನೀರುನಾಯಿಯ ಕಥೆಯನ್ನೇ ನೋಡಿ. ಹಿಂದೊಮ್ಮೆ ಸಿಂಗಪುರದಿಂದ ಮರೆಯಾಗಿದ್ದ ಈ ಪ್ರಾಣಿ 1990ರ ದಶಕದಲ್ಲಿ ಮರಳಿ ಬಂತು, ಆಮೇಲೆ ನಗರದ ಕಾಲುವೆಗಳಿಗೂ ಹರಡಿತು. ಹೇಗೆ ಹರಡಿತು ಅಂತ ತೋರಿಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕರು ತಾವೇ ಹೊರಗೆ ಸುತ್ತಿ ನೋಡಿದ್ದರ ಜೊತೆಗೆ ಸಾರ್ವಜನಿಕರು ಕೊಟ್ಟ ಮಾಹಿತಿಯನ್ನೂ ಬಳಸಿಕೊಂಡರು. ಒಬ್ಬ ವಿಜ್ಞಾನಿ ಎಲ್ಲ ಕಾಲುವೆಗಳ ಪಕ್ಕ ನಿಂತು ಕಾಯುವುದಕ್ಕಾಗುತ್ತದೆಯೇ? ಬೆಳಿಗ್ಗೆ ಜಾಗಿಂಗ್ ಹೋಗುವ ನೂರು ಜನರಿಗೆ ಅದು ಸಾಧ್ಯ.

ಈಗ ಎರಡನೆಯ ಕಥೆ. ಹುಲ್ಲಿನ ಬಣ್ಣದ ತಲೆಯ ಒಂದು ಹಕ್ಕಿ ಇದೆ, ಸ್ಟ್ರಾ ಹೆಡೆಡ್ ಬುಲ್‌ಬುಲ್, ನಮ್ಮೂರ ಪಿಕಳಾರದ ನೆಂಟ. ಅದರ ಹಾಡು ಇಂಪಾಗಿರುವುದೇ ಅದಕ್ಕೆ ಶಾಪ. ಪಂಜರದ ಹಕ್ಕಿ ಮಾರುವವರು ಹಿಡಿದು ಹಿಡಿದು, ಆಗ್ನೇಯ ಏಷ್ಯಾದ ಬಹುಭಾಗದಲ್ಲಿ ಅದು ಇಲ್ಲವಾಗುತ್ತಾ ಬಂದಿದೆ. 2018ರಲ್ಲಿ ಅದನ್ನು "ತೀವ್ರ ಅಪಾಯದಲ್ಲಿರುವ" ಪ್ರಭೇದಗಳ ಪಟ್ಟಿಗೆ ಸೇರಿಸಿದರು. ಅದು ಇನ್ನೂ ಗಟ್ಟಿಯಾಗಿ ಉಳಿದಿರುವ ಕೆಲವೇ ಜಾಗಗಳಲ್ಲಿ ಸಿಂಗಪುರ ಒಂದು, ಅದರಲ್ಲೂ ಪುಲಾವ್ ಉಬಿನ್ ದ್ವೀಪ. ಇಲ್ಲಿ ಕನಿಷ್ಠ 200 ಹಕ್ಕಿಗಳಿವೆ ಎಂದು 2017ರಲ್ಲಿ ಅಂದಾಜು ಮಾಡಿದಾಗ, ಅದಕ್ಕೆ ಆಧಾರವಾದದ್ದು ಸಿಂಗಪುರದ ನೇಚರ್ ಸೊಸೈಟಿಯ ಸ್ವಯಂಸೇವಕರು ವರ್ಷ ವರ್ಷವೂ ಅದೇ ಜಾಗಕ್ಕೆ ಹೋಗಿ ಮಾಡಿದ ಎಣಿಕೆ. ಅದರಲ್ಲಿ ಲೈಕ್ ಒತ್ತುವಂಥದ್ದು ಏನೂ ಇಲ್ಲ. ತೇದಿ, ಜಾಗ, ಹಕ್ಕಿಯ ಹೆಸರು, ಎಷ್ಟು. ಅಷ್ಟೇ.

ಇಲ್ಲೊಂದು ಸೂಕ್ಷ್ಮ ಇದೆ. ಇಂಥ ಹಕ್ಕಿ ಕಂಡ ಜಾಗವನ್ನು ಊರಿಗೆಲ್ಲ ಹೇಳಿದರೆ ಕಳ್ಳರಿಗೆ ದಾರಿ ತೋರಿಸಿದ ಹಾಗಾಗುತ್ತದೆ. ಅದಕ್ಕೇ ಐನ್ಯಾಚುರಲಿಸ್ಟ್, ಈಬರ್ಡ್‌ನಂಥ ವ್ಯವಸ್ಥೆಗಳು ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ಮರೆಮಾಡುತ್ತವೆ. ಅಂದರೆ, ಕೆಲವೊಮ್ಮೆ ಅತಿ ಮುಖ್ಯ ಕೆಲಸ ಮಾಡಿದವರು ಬಾಯಿ ಮುಚ್ಚಿಕೊಂಡಿರುವುದೇ ಅವರ ಧರ್ಮ! ಹೆಚ್ಚು ಮಾತಾಡುವವರನ್ನಷ್ಟೇ ನೋಡಿ "ಇವರೇ ನಾಗರಿಕ ವಿಜ್ಞಾನಿಗಳು" ಅಂದುಕೊಂಡರೆ ಇಂಥವರು ಲೆಕ್ಕಕ್ಕೇ ಸಿಗುವುದಿಲ್ಲ.

ಸಾಮಾಜಿಕ ತಾಣಗಳು ಇಲ್ಲದಿದ್ದಾಗಲೂ ಇಲ್ಲಿ ದೊಡ್ಡ ಕೆಲಸ ನಡೆದಿದೆ. 2001ರಲ್ಲಿ ಪುಲಾವ್ ಉಬಿನ್ ದ್ವೀಪದ ಚೆಕ್ ಜಾವಾ ಎಂಬ ಕಡಲತೀರವನ್ನು ಮಣ್ಣು ತುಂಬಿ ಮುಚ್ಚುವ ಯೋಜನೆ ಇತ್ತು. ಸ್ವಯಂಸೇವಕರು ರಾಫಲ್ಸ್ ವಸ್ತುಸಂಗ್ರಹಾಲಯದ ಸಂಶೋಧಕರ ಜೊತೆ ಸೇರಿ, ಇಳಿತದ ಹೊತ್ತಿನಲ್ಲಿ ಅಲ್ಲಿಯ ಜೀವಿಗಳನ್ನು ದಾಖಲು ಮಾಡಿದರು. ಸರ್ಕಾರ ಯೋಜನೆಯನ್ನು ಮುಂದೂಡಿತು. 2007ರಲ್ಲಿ ಅಲ್ಲಿ ನಡೆದಾಡುವ ಮರದ ಹಾದಿ ತೆರೆಯಿತು. ಫೇಸ್‌ಬುಕ್ ಹುಟ್ಟಿದ್ದೇ 2004ರಲ್ಲಿ, ನೆನಪಿರಲಿ.

ಮುಖ ಯಾರದಾದರೇನು ಅನ್ನುವಿರಾ?

"ಕೆಲಸ ಆದರೆ ಸಾಕು, ಹೆಸರು ಯಾರದಿದ್ದರೇನು?" ಎಂದು ನನ್ನ ಒಬ್ಬ ಸ್ನೇಹಿತರು ಕೇಳಿದರು. ನ್ಯಾಯವಾದ ಪ್ರಶ್ನೆ. ನನಗೆ ಎರಡು ಉತ್ತರ ಹೊಳೆದಿವೆ.

ಮೊದಲನೆಯದು ದತ್ತಾಂಶಕ್ಕೆ ಸೇರಿದ್ದು. ನಮ್ಮಲ್ಲಿ ಅರ್ಧಕ್ಕರ್ಧ ಜನ ಸಾಫ್ಟ್‌ವೇರಿನವರು, ಆದ್ದರಿಂದ ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಗ್ರಾಹಕರು ಕಳಿಸುವ ಬಗ್ ವರದಿಗಳನ್ನಷ್ಟೇ ನೋಡಿ ತಂತ್ರಾಂಶದ ಯಾವ ಭಾಗ ಕೆಟ್ಟಿದೆ ಅಂತ ತೀರ್ಮಾನಿಸಿದರೆ ಏನಾಗುತ್ತದೆ? ಹೆಚ್ಚು ಜನ ಬಳಸುವ ಪರದೆಯಲ್ಲೇ ಎಲ್ಲ ಬಗ್‌ಗಳೂ ಇವೆ ಅನ್ನಿಸುತ್ತದೆ. ಯಾರೂ ತೆರೆಯದ ಪರದೆಯ ಬಗ್ಗೆ ವರದಿ ಇಲ್ಲ ಅಂದಮಾತ್ರಕ್ಕೆ ಅದು ಸರಿಯಿದೆ ಅಂತಲ್ಲ. ಪ್ರಕೃತಿಯ ದಾಖಲೆಯೂ ಹಾಗೇ. ನೀರುನಾಯಿ, ಮಂಗಟ್ಟೆ, ಗೂಬೆಗಳ ಫೋಟೋ ರಾಶಿ ರಾಶಿ. ಜಾವಾ ಮೈನಾ, ಇರುವೆ, ಪಾಚಿಗಳನ್ನು ಕೇಳುವವರಿಲ್ಲ. ಎಂಆರ್‌ಟಿ ನಿಲ್ದಾಣದ ಹತ್ತಿರದ ಪಾರ್ಕಿಗೆ ಸಾವಿರ ದಾಖಲೆ, ದೂರದ ಮೂಲೆಗೆ ಹತ್ತು.

ಇದಕ್ಕೆ ಒಂದು ಮದ್ದು ಇದೆ. 2002ರಲ್ಲಿ ಶುರುವಾದ ಈಬರ್ಡ್‌ನಲ್ಲಿ ಪಟ್ಟಿ ಒಪ್ಪಿಸುವಾಗ ಒಂದು ಪ್ರಶ್ನೆ ಬರುತ್ತದೆ: ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? "ಹೌದು" ಅಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿಗೂ ಒಂದು ಅರ್ಥ ಬರುತ್ತದೆ. ಇಷ್ಟು ಹೊತ್ತು ನೋಡಿದರೂ ಅದು ಕಾಣಲಿಲ್ಲ! ಅಮ್ಮನ ಕ್ಯಾಲೆಂಡರಿನ ಎರಡು ಸೊನ್ನೆಗಳು ಇದೇ ಅಲ್ಲವೇ? ಕಾರ್ನೆಲ್ ಹೇಳಿಕೊಡದೆಯೇ ಅವರು ಅದನ್ನು ಮಾಡಿದ್ದರು. ನಾನು ಏರಿಸಿದ್ದು ಶನಿವಾರದ ಒಂದು ಫೋಟೋ, ಒಂದು ತೇದಿ. ಒಂಬತ್ತು ದಿನಗಳ ಕಥೆಯನ್ನು ಒಂದು ಕ್ಷಣಕ್ಕೆ ಇಳಿಸಿ, ಉಳಿದದ್ದನ್ನು ಎಸೆದಿದ್ದೆ. ಅಮ್ಮನನ್ನು ಕೇಳಿದ್ದರೆ ದಾಖಲೆಯೇ ಉತ್ತಮವಾಗಿರುತ್ತಿತ್ತು. ಅಂದರೆ, ಮುಖ ತಪ್ಪಿದಾಗ ಮಾಹಿತಿಯೂ ತಪ್ಪುತ್ತದೆ.

ಎರಡನೆಯದು ಮರ್ಯಾದೆಗೆ ಸೇರಿದ್ದು. ಒಳ್ಳೆಯ ಉದಾಹರಣೆಗಳಿಗೆ ಬರ ಇಲ್ಲ. 2007ರಲ್ಲಿ ಗ್ಯಾಲಕ್ಸಿ ಝೂ ಎಂಬ ಯೋಜನೆಯಲ್ಲಿ ನಕ್ಷತ್ರಪುಂಜಗಳ ಚಿತ್ರ ವಿಂಗಡಿಸುತ್ತಿದ್ದ ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ ಒಂದು ವಿಚಿತ್ರ ಕಲೆಯನ್ನು ಗಮನಿಸಿ, "ಇದೇನು?" ಅಂತ ಕೇಳಿದರು. ಖಗೋಳ ವಿಜ್ಞಾನಿಗಳು ಇಂದಿಗೂ ಅದನ್ನು "ಹ್ಯಾನಿಯ ವಸ್ತು" ಎಂಬರ್ಥದ ಡಚ್ ಹೆಸರಿನಿಂದಲೇ ಕರೆಯುತ್ತಾರೆ. 2011ರಲ್ಲಿ ಫೋಲ್ಡಿಟ್ ಎಂಬ ಕಂಪ್ಯೂಟರ್ ಆಟದ ಆಟಗಾರರು ವೈರಸ್ಸಿನ ಒಂದು ಕಿಣ್ವದ ಆಕಾರ ಬಿಡಿಸಲು ನೆರವಾದಾಗ, ಸಂಶೋಧನಾ ಲೇಖನದ ಲೇಖಕರ ಸಾಲಿನಲ್ಲೇ ಆಟಗಾರರ ತಂಡಗಳ ಹೆಸರೂ ಬಂತು.

ನಮ್ಮೂರಿನ ಪಾಠ

ಭಾರತದಲ್ಲಿ 2023ರಲ್ಲಿ ಬಂದ "ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್" ವರದಿ 942 ಪ್ರಭೇದಗಳ ಸ್ಥಿತಿಗತಿ ಹೇಳುತ್ತದೆ. ಅದರ ಹಿಂದೆ 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರ ಸುಮಾರು 3 ಕೋಟಿ ದಾಖಲೆಗಳಿವೆ. ಸುದ್ದಿಯಲ್ಲಿ ಬರುವುದು ನಾಲ್ಕೈದು ಹೆಸರು; ಆದರೆ ಬೆಳಿಗ್ಗೆ ಎದ್ದು ಮನೆಯ ಹಿತ್ತಲಲ್ಲಿ ಹದಿನೈದು ನಿಮಿಷ ನಿಂತವರು ಮೂವತ್ತು ಸಾವಿರ! ಮರಗಳು ಯಾವಾಗ ಚಿಗುರುತ್ತವೆ, ಹೂ ಬಿಡುತ್ತವೆ ಅಂತ ದಾಖಲಿಸುವ ಸೀಸನ್‌ವಾಚ್ ಯೋಜನೆಯ ಬಹುಪಾಲು ಮಾಹಿತಿ ಬಂದದ್ದು ಕೇರಳದ ಶಾಲಾಮಕ್ಕಳಿಂದ. ಫೇಸ್‌ಬುಕ್ ಖಾತೆಯೇ ಇಲ್ಲದ ಮಕ್ಕಳು ದೇಶಕ್ಕೇ ಮರಗಳ ಪಂಚಾಂಗ ಬರೆದುಕೊಡುತ್ತಿದ್ದಾರೆ.

ಇದನ್ನು ಓದುವಾಗ ನೆನಪಾದದ್ದು ತೇಜಸ್ವಿಯವರ "ಕರ್ವಾಲೊ". 1980ರ ಆ ಕಾದಂಬರಿಯಲ್ಲಿ ಹಾರುವ ಓತಿಯನ್ನು ಕಂಡವನು ಯಾರು? ವಿಜ್ಞಾನಿ ಕರ್ವಾಲೊ ಅಲ್ಲ, ಊರವರು ಕೆಲಸಕ್ಕೆ ಬಾರದವನು ಅಂದುಕೊಂಡಿದ್ದ ಜೇನು ಹಿಡಿಯುವ ಮಂದಣ್ಣ. ಕರ್ವಾಲೊ ಅವರ ದೊಡ್ಡತನ ಇರುವುದು ಮಂದಣ್ಣನ ಕಣ್ಣಿಗೆ ಬೆಲೆ ಕೊಟ್ಟದ್ದರಲ್ಲಿ. ಇವತ್ತಾಗಿದ್ದರೆ ಓತಿಯ ಫೋಟೋ ಯಾರ ಖಾತೆಯಿಂದ ಹೋಗುತ್ತಿತ್ತು? ಯೋಚಿಸಿ ನೋಡಿ.

ಮನೆಯಲ್ಲೇ ಮಾಡಿ ನೋಡಿ

ಪಾಠ ಅಂದಮೇಲೆ ಮನೆಗೆಲಸ ಬೇಡವೇ? ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಬ್ಲಾಕಿನ ಕೆಳಗೆ ಇಳಿಯಿರಿ.

1. ಒಂದೇ ಜಾಗದಲ್ಲಿ ಹದಿನೈದು ನಿಮಿಷ ನಿಲ್ಲಿ. ತೇದಿ, ಶುರುವಾದ ಹೊತ್ತು, ಜಾಗ ಬರೆದುಕೊಳ್ಳಿ.

2. ಕಂಡ ಎಲ್ಲ ಹಕ್ಕಿಗಳನ್ನೂ ಎಣಿಸಿ. ಮೈನಾ, ಪಾರಿವಾಳ, ಕಾಗೆ "ಮಾಮೂಲಿ" ಅಂತ ಬಿಡಬೇಡಿ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಗಾತ್ರ ಬರೆಯಿರಿ. ಊಹೆಯನ್ನು ಖಚಿತ ಅಂತ ಮಾತ್ರ ಬರೆಯಬೇಡಿ.

3. ಹೋದ ವಾರ ಕಂಡು ಈ ವಾರ ಕಾಣದ ಹಕ್ಕಿಗೆ ಸೊನ್ನೆ ಹಾಕಿ. ಸೊನ್ನೆಯೂ ಮಾಹಿತಿ.

4. ಕನ್ನಡದ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ: ಮಿಂಚುಳ್ಳಿ, ಸೂರಕ್ಕಿ, ಗೊರವಂಕ, ಕೋಗಿಲೆ. ಗೊತ್ತಿಲ್ಲದಿದ್ದರೆ ಊರಿಗೆ ಫೋನ್ ಮಾಡಿ ಅಜ್ಜ ಅಜ್ಜಿಯರನ್ನು ಕೇಳಿ. ಮಾತಾಡಲು ಒಂದು ನೆಪವೂ ಆಯಿತು.

5. ಯಾರು ಮೊದಲು ಕಂಡರು, ಯಾರು ಎಣಿಸಿದರು, ಯಾರು ಫೋಟೋ ತೆಗೆದರು, ಮೂರನ್ನೂ ಬೇರೆ ಬೇರೆ ಬರೆಯಿರಿ. ತಾಣಕ್ಕೆ ಹಾಕುವ ಮುನ್ನ ಅವರ ಒಪ್ಪಿಗೆ ಕೇಳಿ. ಹೆಸರು ಬೇಡ ಅನ್ನುವ ಹಕ್ಕೂ ಅವರಿಗಿದೆ.

6. ಗೂಡಿನ ಜಾಗ, ಅಪರೂಪದ ಹಕ್ಕಿಯ ಜಾಗವನ್ನು ತಾಣಗಳಲ್ಲಿ ಹಂಚಬೇಡಿ.

ನನ್ನ ಮನೆಗೆಲಸವನ್ನು ನಾನು ಮುಗಿಸಿದ್ದೇನೆ. ಐನ್ಯಾಚುರಲಿಸ್ಟ್‌ನ ದಾಖಲೆಯಲ್ಲಿ ಒಂಬತ್ತು ದಿನಗಳ ಲೆಕ್ಕವನ್ನು ಸೊನ್ನೆಗಳ ಸಮೇತ ಟಿಪ್ಪಣಿಯಾಗಿ ಸೇರಿಸಿದೆ. "ಮೊದಲು ಕಂಡವರು, ಎಣಿಸಿದವರು: ನನ್ನ ತಾಯಿ. ಫೋಟೋ ಮಾತ್ರ ನನ್ನದು" ಅಂತ ಬರೆದೆ. ಫೇಸ್‌ಬುಕ್ಕಿನ ಸಾಲನ್ನೂ ತಿದ್ದಿದೆ. ಅದಕ್ಕೆ ಬಂದದ್ದು ಮೂರು ಲೈಕು, ಅದರಲ್ಲಿ ಒಂದು ನನ್ನ ಹೆಂಡತಿಯದು!

ಅಮ್ಮನಿಗೆ ತೋರಿಸಿದಾಗ ಅವರು ಹೆಸರಿನ ಕಡೆ ನೋಡಲೇ ಇಲ್ಲ. ಕನ್ನಡಕ ಸರಿಮಾಡಿಕೊಂಡು ಲೆಕ್ಕ ಓದಿ, "ಬುಧವಾರ ಸಂಜೆದು ಎರಡಲ್ಲ ಕಣೋ, ಮೂರು. ತಿದ್ದು" ಅಂದರು. ತಿದ್ದಿದೆ.

ಅಮ್ಮ ಈಗ ಹಾಸನದಲ್ಲಿದ್ದಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುವ ಕೆಲಸ ಮಗಳಿಗೆ ಬಂದಿದೆ. ನಿಮ್ಮ ಮನೆಯ ಕಿಟಕಿಯಲ್ಲಿ ಏನು ಕಂಡಿತು, ಯಾರು ಕಂಡರು ಅಂತ ಬರೆದು ತಿಳಿಸುತ್ತೀರಲ್ಲವೇ?